ಚರ್ಮದಿಂದ ಅಳೆದ ಆಳ

ಜೀವಂತ ಮನುಷ್ಯನ ಯಕೃತ್ತಿನೊಳಗೆ ಧ್ವನಿ ಎಷ್ಟು ಕ್ಷೀಣಿಸುತ್ತದೆ ಎಂಬುದನ್ನು ನಾನು ಒಮ್ಮೆಯೂ ಅಳೆದಿಲ್ಲ. ಅಂದಾಜು ಮಾಡಿದ್ದೇನೆ. ಅದನ್ನೇ ಕಸುಬು ಮಾಡಿಕೊಂಡು, ಸಂಬಳ ತೆಗೆದುಕೊಂಡು, ನಿವೃತ್ತನಾಗಿದ್ದೇನೆ. ತಿರುವನಂತಪುರದ ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಈ ಎರಡು ಮಾತುಗಳನ್ನು ಅದಲುಬದಲು ಮಾಡಲು ಕಲಿಯುತ್ತಾರೆ. ಕಲಿಸುವವರು ಹಿರಿಯರೇ. "ಇವತ್ತು ಎಷ್ಟು ಜನರನ್ನು ಅಳೆದಿರಿ?" ಎಂದು ಕೇಳುತ್ತಾರೆ. ಯಾರೂ ಯಾರನ್ನೂ ಅಳೆದಿರುವುದಿಲ್ಲ.

ಹೋದ ತಿಂಗಳು ಶಿವಮೊಗ್ಗದ ಕಡೆಯ ಹುಡುಗಿಯೊಬ್ಬಳು ಉಳ್ಳೂರಿನ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ನಾನು ಬಿಟ್ಟುಬಂದ ವಿಭಾಗಕ್ಕೇ ಸೇರಿದ್ದಾಳೆ. "ಸರ್, ನಿಜವಾಗಲೂ ಕೆಲಸ ಹೇಗಿರುತ್ತೆ?" ಎಂದು ಕೇಳಿದಳು. ನಾನು ಏನೋ ಒಳ್ಳೆಯ ಮಾತು ಹೇಳಿ, ನನ್ನ ಹೆಂಡತಿ ಉಮಾ ಮಾಡಿದ ಉಪ್ಪಿಟ್ಟು ತಿನ್ನಿಸಿ ಕಳಿಸಿದೆ. ಹೇಳಬೇಕಾಗಿದ್ದದ್ದು ಇದು.

ಮೊದಲು ವಿಷಯ. ಸ್ಕ್ಯಾನ್ ಯಂತ್ರದ ಪ್ರೋಬನ್ನು ಹೊಟ್ಟೆಯ ಮೇಲಿಟ್ಟಾಗ ಕಿವಿಗೆ ಕೇಳಿಸದ ಧ್ವನಿ ಒಳಗಿಳಿಯುತ್ತದೆ. ಇಳಿಯುತ್ತ ಬಲ ಕಳೆದುಕೊಳ್ಳುತ್ತದೆ. ಆರೋಗ್ಯವಂತ ಯಕೃತ್ತಿನಲ್ಲಿ ನಿಧಾನವಾಗಿ, ಕೊಬ್ಬು ತುಂಬಿದ ಯಕೃತ್ತಿನಲ್ಲಿ ಬೇಗ. ಹೀಗೆ ಕ್ಷೀಣಿಸುವ ದರ ಗೊತ್ತಾದರೆ ಸೂಜಿ ಚುಚ್ಚದೆಯೇ ಕೊಬ್ಬು ಎಷ್ಟಿದೆ ಎಂದು ಹೇಳಬಹುದು. ಮಾಂಸದ ತುಂಡಾದರೆ ನೀರಿನ ತೊಟ್ಟಿಯಲ್ಲಿಟ್ಟು ಈ ಕಡೆಯಿಂದ ಧ್ವನಿ ಕಳಿಸಿ ಆ ಕಡೆ ಹಿಡಿದರೆ ಮುಗಿಯಿತು. ಬದುಕಿರುವವರಿಗೆ ಆ ಸೌಲಭ್ಯವಿಲ್ಲ. ಕಳಿಸಿದ ಕಡೆಯೇ ನಿಂತು ಪ್ರತಿಧ್ವನಿಗೆ ಕಾಯಬೇಕು. ಬಂದ ಪ್ರತಿಧ್ವನಿ ಸಣ್ಣದಾಗಿದ್ದರೆ, ದಾರಿಯಲ್ಲಿ ಸವೆದು ಸಣ್ಣದಾಯಿತೋ ಅಥವಾ ಅಲ್ಲಿಂದ ಹೊರಟದ್ದೇ ಸಣ್ಣದೋ? ಅಜ್ಞಾತಗಳು ಎರಡು, ಸಮೀಕರಣ ಒಂದು. ಮೈಸೂರಿನಲ್ಲಿ ಭೌತಶಾಸ್ತ್ರ ಓದುವಾಗ ಇಂಥ ಲೆಕ್ಕ ಕೊಟ್ಟಿದ್ದರೆ ಪ್ರಶ್ನೆಯೇ ತಪ್ಪು ಎಂದು ಬರೆದು ಎದ್ದುಬರುತ್ತಿದ್ದೆ. ಇಲ್ಲಿ ಅದರ ಮೇಲೆ ಮನೆ ಕಟ್ಟಿದೆ.

ಇನ್ನೊಂದು ಎಚ್ಚರಿಕೆ. ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ನನ್ನ ನೆನಪನ್ನು ನಾನು ನಂಬುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಸೇರಿದ ಹೊಸದರಲ್ಲಿ ನನ್ನ ಕೆಲಸ ಮಾರುಕಟ್ಟೆಯಿಂದ ಆಡಿನ ಲಿವರ್ ತರುವುದು. ಮಾಂಸ ಮುಟ್ಟದ ಮನೆಯವನು ನಾನು. ಸ್ಟೀಲ್ ಡಬ್ಬಿ ಹಿಡಿದು ಹೋಗಿ ನಿಂತರೆ ಅಂಗಡಿಯ ಯಜಮಾನ ಹಂಝಾಕ್ಕ ದೂರದಿಂದಲೇ ಕೂಗುತ್ತಿದ್ದರು: "ನಾಗೇಂದ್ರನ್ ಸಾರೇ, ಇನ್ನುಂ ಕರಳ್ ತನ್ನೆಯೋ? ಕುರಚ್ಚು ಇರಚ್ಚಿ ಕೂಡಿ ಎಡುತ್ತೋ!" ಇವತ್ತೂ ಬರೀ ಲಿವರೇನಾ, ಒಂದಿಷ್ಟು ಮಾಂಸವನ್ನೂ ಒಯ್ಯಿ ಎಂದು. ನನ್ನ ಹೆಸರು ನಾಗೇಂದ್ರ. ಕೊನೆಯ 'ನ್' ಕೇರಳ ಸೇರಿಸಿದ್ದು. ಪಿಂಚಣಿ ಕಾಗದಗಳಲ್ಲೂ ಅದು ಒಂದೆರಡು ಕಡೆ ಉಳಿದುಕೊಂಡಿದೆ.

ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಕುರುವಿಳ. ಎತ್ತರದ ಮನುಷ್ಯ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾರ ಮೇಲೂ ದನಿ ಏರಿಸಿದವರಲ್ಲ. ಆಡಿನ ಲಿವರಿನ ಅಂಕಿಗಳು ಬೇರೆ ಪ್ರಯೋಗಾಲಯಗಳವರ ಅಂಕಿಗಳಿಗಿಂತ ಹೆಚ್ಚು ಬಂದಾಗ ಅವರಿಗೆ ಖುಷಿಯಾಯಿತು. ಹೊಸದೇನೋ ಸಿಕ್ಕಿತು ಎಂದು ಒಂದು ಸಮ್ಮೇಳನದಲ್ಲಿ ಮಾತಾಡಿಯೂ ಬಂದರು. ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಗೊತ್ತಾದದ್ದು: ಕೊಯ್ದ ಲಿವರಿನೊಳಗೆ ಗಾಳಿಯ ಸಣ್ಣ ಗುಳ್ಳೆಗಳಿರುತ್ತವೆ, ಇಟ್ಟಷ್ಟೂ ಕೊಳೆತು ಹೆಚ್ಚುತ್ತವೆ, ಧ್ವನಿಯನ್ನು ನುಂಗುತ್ತವೆ. ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆದು ಮತ್ತೆ ನೋಡಿದರೆ ಅಂಕಿ ಇಳಿದು ಎಲ್ಲರ ಸಾಲಿಗೆ ಬಂದು ಕೂತಿತು. ನಾವು ಕಂಡುಹಿಡಿದದ್ದು ಕೊಳೆಯುವಿಕೆಯನ್ನು. ಕುರುವಿಳ ಸಾರ್‌ಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಸತ್ತ ಆಡಿನ ಬಗ್ಗೆ ಯಾರು ಬಂದು ಕೇಳುತ್ತಾರೆ, ನಾಗೇಂದ್ರನ್? ಇನ್ನು ಜೀವಂತರ ಮೇಲೆ ಕೆಲಸ ಶುರು ಮಾಡೋಣ."

ಅವರ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಆಡಿದ್ದು ಇಂಗ್ಲಿಷಿನಲ್ಲಿ, ಸಿಟ್ಟು ಬಂದಾಗ ಮಲಯಾಳದಲ್ಲಿ. ಹಾಗಾಗಿ ಇಲ್ಲಿ ಅವರು ಸ್ವಲ್ಪ ನನ್ನ ಹಾಗೇ ಮಾತಾಡಿದಂತೆ ಕಂಡರೆ ಅದು ಅವರ ತಪ್ಪಲ್ಲ.

ಜೀವಂತರು ಎಂದರೆ ನಾವೇ. ಸಂಶೋಧನಾ ವಿದ್ಯಾರ್ಥಿಗಳು, ಕ್ಯಾಂಟೀನಿನವರು, ಕಾವಲಿನವರು. ಎಲ್ಲರೂ ತೆಳ್ಳಗಿನವರು. ಫೆಲೋಶಿಪ್ ತಡವಾಗಿ ಬರುವ ಕಾಲದಲ್ಲಿ ದಪ್ಪ ವಿದ್ಯಾರ್ಥಿ ಎಲ್ಲಿ ಸಿಗುತ್ತಾನೆ! ಸ್ಕ್ಯಾನ್ ತಂತ್ರಜ್ಞೆ ಶೋಭನಾ ಒಬ್ಬೊಬ್ಬರನ್ನೇ ಮಲಗಿಸಿ "ಶ್ವಾಸಂ ಎಡುತ್ತು ಪಿಡಿಕ್ಕೂ" ಎನ್ನುತ್ತಿದ್ದಳು. ಉಸಿರೆಳೆದು ಹಿಡಿಯಬೇಕು. ಅಷ್ಟರಲ್ಲಿ ನಾವು ಪ್ರತಿಧ್ವನಿಯನ್ನು ದಾಖಲಿಸಿಕೊಳ್ಳಬೇಕು.

ಶೋಭನಾ ಸ್ಕ್ಯಾನ್ ಮಾಡಿದ ದಿನ ಎಲ್ಲರ ಯಕೃತ್ತೂ ಚಿನ್ನದಂತೆ ಬರುತ್ತಿತ್ತು. ಇನ್ನೊಬ್ಬ ತಂತ್ರಜ್ಞ ಪ್ರಸಾದ್ ಮಾಡಿದ ದಿನ ಅದೇ ಜನ ರೋಗಿಗಳಾಗುತ್ತಿದ್ದರು. ಬಹಳ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಹಳೆಯ ಯಂತ್ರಗಳ ಪಕ್ಕದಲ್ಲಿ ಒಂದರ ಕೆಳಗೊಂದು ಜಾರುಗುಂಡಿಗಳಿರುತ್ತಿದ್ದವು. ಆಳದಿಂದ ಬರುವ ಪ್ರತಿಧ್ವನಿ ದುರ್ಬಲ, ಚಿತ್ರದ ತಳಭಾಗ ಕತ್ತಲಾಗಿ ಕಾಣುತ್ತದೆ. ಕೆಳಗಿನ ಗುಂಡಿಗಳನ್ನು ಬಲಕ್ಕೆ ಸರಿಸಿದರೆ ಚಿತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಬೆಳಗುತ್ತದೆ, ಡಾಕ್ಟರರಿಗೆ ಇಷ್ಟವಾಗುತ್ತದೆ. ಒಳ್ಳೆಯ ತಂತ್ರಜ್ಞರ ಬೆರಳುಗಳು ಯೋಚಿಸದೆಯೇ ಅವನ್ನು ಸರಿಸುತ್ತವೆ. ಧ್ವನಿ ಎಷ್ಟು ಸೋತಿತು ಎಂದು ನಾವು ಹುಡುಕುತ್ತಿದ್ದೆವು. ಆ ಸೋಲನ್ನು ಪ್ರತಿದಿನ ನಮ್ಮ ಕಣ್ಣೆದುರಿಗೇ ಬೆರಳಲ್ಲಿ ಮುಚ್ಚಿಹಾಕಲಾಗುತ್ತಿತ್ತು. ಗುಂಡಿಗಳ ಮೇಲೆ ಟೇಪ್ ಅಂಟಿಸಿದೆ. ಮರುದಿನ ಯಾರೋ ಕಿತ್ತಿದ್ದರು. ಮತ್ತೆ ಅಂಟಿಸಿದೆ.

ಈ ಕಥೆಯನ್ನು ನಾನು ಎಷ್ಟೋ ತರಬೇತಿಗಳಲ್ಲಿ ಹೇಳಿ ನಗಿಸಿದ್ದೇನೆ. ಇದನ್ನು ಬರೆಯಲು ಕೂತಾಗ, ಒಂದು ಸಲ ಕೇಳಿಬಿಡೋಣ ಎಂದು ಶೋಭನಾಗೆ ಫೋನ್ ಮಾಡಿದೆ. ಅವಳು ಕೊಲ್ಲಂನಲ್ಲಿ ಮಗನ ಮನೆಯಲ್ಲಿದ್ದಾಳೆ. "ಅಯ್ಯೋ ಸಾರೇ, ಗುಂಡಿ ಸರಿಸುತ್ತಿದ್ದದ್ದು ನಾನಲ್ಲ, ಪ್ರಸಾದ್. ನನ್ನನ್ನು ಇಷ್ಟು ವರ್ಷ ಊರೆಲ್ಲ ಮಾರಿದಿರಾ?" ಎಂದಳು. ನಕ್ಕಳು, ಆಮೇಲೆ ನಗಲಿಲ್ಲ. ಗುಂಡಿ ಸರಿಸಿದವರ ಅಂಕಿ ಕಡಿಮೆ ಬರಬೇಕು. ಶೋಭನಾಳ ಅಂಕಿ ಕಡಿಮೆ ಬರುತ್ತಿತ್ತು ಎಂಬುದು ನನ್ನ ನೆನಪು. ಆ ನೆನಪೇ ತಿರುವುಮುರುವಾಗಿದ್ದರೆ? ಭೌತಶಾಸ್ತ್ರ ಸರಿಯಿದೆ. ಹೆಸರುಗಳಿಗೆ ನಾನು ಹೊಣೆ ಹೊರಲಾರೆ.

ಈಗ ಪೆಟ್ಟಿಗೆಯ ವಿಷಯ. ನೀವು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ಪರದೆಯ ಮೇಲೆ ಯಕೃತ್ತಿನ ಚಿತ್ರ ಬಂದಾಗ ಅದರೊಳಗೆ ಒಂದು ಸಣ್ಣ ಚೌಕ ಇಡುತ್ತೇವೆ. ಅದಕ್ಕೆ ಲ್ಯಾಬಿನಲ್ಲಿ 'ಪೆಟ್ಟಿಗೆ' ಎನ್ನುತ್ತಿದ್ದೆವು. ಲೆಕ್ಕವೆಲ್ಲ ಪೆಟ್ಟಿಗೆಯೊಳಗಿನ ಪ್ರತಿಧ್ವನಿಯದ್ದು. ಪೆಟ್ಟಿಗೆಯ ಮೇಲಂಚಿನಿಂದ ಕೆಳಂಚಿಗೆ ಪ್ರತಿಧ್ವನಿ ಎಷ್ಟು ಇಳಿಯಿತು, ಅದೇ ಉತ್ತರ. ವಿದ್ಯಾರ್ಥಿಗಳು ಪೆಟ್ಟಿಗೆ ಇಡುತ್ತಿದ್ದರು, ಅಂಕಿ ನೋಡುತ್ತಿದ್ದರು, ಇಷ್ಟವಾಗದಿದ್ದರೆ ಅತ್ತಿತ್ತ ಸರಿಸುತ್ತಿದ್ದರು. ಕೇಳಿದರೆ "ಅಲ್ಲೊಂದು ರಕ್ತನಾಳ ಇತ್ತು ಸರ್" ಎನ್ನುತ್ತಿದ್ದರು. ಅಂಕಿ ಚೆನ್ನಾಗಿ ಬಂದಾಗ ಮಾತ್ರ ಯಾವ ರಕ್ತನಾಳವೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ನಾನು ಸಿಟ್ಟಾಗಿ ನಿಯಮ ಮಾಡಿದೆ: ಅಂಕಿ ಕಂಡ ಮೇಲೆ ಪೆಟ್ಟಿಗೆ ಮುಟ್ಟಬಾರದು. ಅದನ್ನೂ ಮುರಿದರು. ಕೊನೆಗೆ ಪೆಟ್ಟಿಗೆಯ ಆಳವನ್ನೇ ಯಂತ್ರದಲ್ಲಿ ಕಟ್ಟಿಹಾಕಿದೆವು. ಯಾರು ಬಂದು ಮಲಗಲಿ, ಪೆಟ್ಟಿಗೆ ಅದೇ ಆಳದಲ್ಲಿ ಕೂರುತ್ತದೆ. ಯಾರ ಕೈಯೂ ಅದಕ್ಕೆ ಎಟುಕದು. ನನಗೆ ನೆಮ್ಮದಿಯಾಯಿತು. ಮನುಷ್ಯರನ್ನು ನಂಬದವನಿಗೆ ಸಿಗುವ ನೆಮ್ಮದಿ ಅದು.

ಆ ಆಳವನ್ನು ಎಲ್ಲಿಂದ ಲೆಕ್ಕ ಹಾಕಬೇಕು? ಯಕೃತ್ತಿನ ಮೇಲ್ಮೈಯಿಂದ ಎಂದು ನಾನು ಹೇಳಿದ್ದೆ ಎಂದೇ ನನ್ನ ನೆನಪು. ಪ್ರೋಗ್ರಾಂ ಬರೆದವನು ಪ್ರೋಬಿನಿಂದ, ಅಂದರೆ ಚರ್ಮದಿಂದ, ಲೆಕ್ಕ ಹಾಕಿದ. ನೀವು ಹೇಳಿದ್ದೇ ಹಾಗೆ ಎಂದು ಅವನು ಇವತ್ತಿಗೂ ಹೇಳುತ್ತಾನೆ. ತೆಳ್ಳಗಿನ ಹೊಟ್ಟೆಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಅಲ್ಲಿಗೆ ಬಂದು ಮಲಗಿದವರೆಲ್ಲ ತೆಳ್ಳಗಿನವರೇ.

ಎರ್ನಾಕುಲಂನ ಒಂದು ಖಾಸಗಿ ಆಸ್ಪತ್ರೆ ನಮ್ಮ ವಿಧಾನವನ್ನು ಪ್ರಾಯೋಗಿಕವಾಗಿ ಬಳಸಲು ಒಪ್ಪಿತು. ಅಲ್ಲಿ ಯಕೃತ್ತಿನ ಕಸಿ ಮಾಡುತ್ತಿದ್ದರು. ಬದುಕಿರುವ ಬಂಧುವಿನ ಯಕೃತ್ತಿನ ಒಂದು ಭಾಗ ಕತ್ತರಿಸಿ ರೋಗಿಗೆ ಇಡುವುದು. ಕೊಡುವವರ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿದ್ದರೆ ಇಬ್ಬರಿಗೂ ಅಪಾಯ. ಅದನ್ನು ಸೂಜಿ ಚುಚ್ಚಿ ತುಣುಕು ತೆಗೆದು ನೋಡಬೇಕು. ಅದಕ್ಕೂ ಮೊದಲು ಜರಡಿ ಹಿಡಿಯಲು ನಮ್ಮ ಯಂತ್ರ. ಕೊಬ್ಬು ಹೆಚ್ಚೆಂದು ಯಂತ್ರ ಕೆಂಪು ತೋರಿಸಿದವರು ಮುಂದಿನ ಪರೀಕ್ಷೆಗೆ ಹೋಗುವುದಿಲ್ಲ.

ಬಣ್ಣದ ಯೋಚನೆ ಕುರುವಿಳ ಸಾರ್‌ದು. ಪ್ರತಿ ಅಂಕಿಯ ಜೊತೆ ಅದು ಎಷ್ಟು ಆಚೀಚೆ ಇರಬಹುದು ಎಂಬುದನ್ನೂ ಮುದ್ರಿಸಬೇಕು ಎಂದು ನಾನು ಸಭೆಯಲ್ಲಿ ವಾದಿಸಿದೆ. ಅಥವಾ ವಾದಿಸಬೇಕೆಂದು ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಅವರ ಉತ್ತರ ಮಾತ್ರ ಚೆನ್ನಾಗಿ ನೆನಪಿದೆ. "ಸಂದೇಹ ಪಡುವುದು ನಿಮ್ಮ ಉದ್ಯೋಗ, ನಾಗೇಂದ್ರನ್. ಡಾಕ್ಟರರಿಗೆ ಆ ಪುರುಸೊತ್ತಿಲ್ಲ. ಹಸಿರು, ಹಳದಿ, ಕೆಂಪು. ಮುಗಿಯಿತು."

ವಾರಕ್ಕೊಮ್ಮೆ ಬೆಳಗಿನ ರೈಲು ಹಿಡಿದು ನಾನು ಎರ್ನಾಕುಲಂಗೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ ಕಸಿ ವಿಭಾಗದ ಶಸ್ತ್ರವೈದ್ಯ ಹರಿಕುಮಾರ್ ನನ್ನನ್ನು ಕರೆದರು. "ಸಾರ್, ನಿಮ್ಮ ಭಾಷೆಯವರು ಒಬ್ಬರಿದ್ದಾರೆ. ಸ್ವಲ್ಪ ಬಂದು ಹೇಳಿ."

ಕುರ್ಚಿಯ ತುದಿಯಲ್ಲಿ ಕೂತಿದ್ದವರು ಸುಮಂಗಲಾ. ನಲವತ್ತರ ಆಚೆಯ, ಎತ್ತರದ, ಮೈತುಂಬಿದ ಹೆಂಗಸು. ಗದಗಿನಲ್ಲಿ ಖಾನಾವಳಿ ನಡೆಸುತ್ತಾರೆ. ಅವರ ಅಣ್ಣ ಶಿವಾನಂದ ಎರ್ನಾಕುಲಂನಲ್ಲಿ ಬ್ಯಾಂಕ್ ಮ್ಯಾನೇಜರ್, ಯಕೃತ್ತು ಪೂರ್ತಿ ಕೆಟ್ಟು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ, ಮಗ ಇನ್ನೂ ಶಾಲೆಯಲ್ಲಿದ್ದ. ಉಳಿದವರು ಈ ತಂಗಿ ಒಬ್ಬರೇ.

"ಸರ, ಕನ್ನಡದವ್ರೇನ್ರೀ?"

"ಹೌದಮ್ಮ. ಮೈಸೂರು ಕಡೆ."

"ದೇವ್ರ ಸಿಕ್ಕಂಗಾತ್ ನೋಡ್ರಿ. ಇಲ್ಲೆ ಎಲ್ಲಾರೂ ಬಾಯಾಗ ಹುಣಸೀಬೀಜ ಇಟ್ಕೊಂಡು ಮಾತಾಡಿದಂಗ ಮಾತಾಡ್ತಾರ, ಒಂದೂ ತಿಳಿವಲ್ದು." ಆಮೇಲೆ ದನಿ ತಗ್ಗಿಸಿ, "ನಮ್ಮಣ್ಣ ಒಂದ ದಿನಾ ಬಾಟ್ಲಿ ಮುಟ್ಟಿದಾಂವಲ್ರೀ. ಆದ್ರ ಲಿವರ ಹೋಗೇತಿ ಅಂದ್ರ ಊರಾಗ ಏನಂತಾರ? ಕುಡದಾನ ಅಂತಾರ. ನಾ ಎಷ್ಟ ಮಂದಿ ಕೂಡ ಜಗಳಾಡ್ಲಿ?"

ಹರಿಕುಮಾರ್ ಮುದ್ರಿತ ಹಾಳೆಯನ್ನು ನನ್ನ ಕಡೆ ತಳ್ಳಿದರು. ಕೆಂಪು. ನಾನು ಹೇಳಿದೆ. ಏನೆಂದು ಹೇಳಿದೆ? 'ಯಂತ್ರ ಹೀಗೆ ತೋರಿಸುತ್ತಿದೆ' ಎಂದು ಹೇಳಿರಬೇಕು, ಯಾವಾಗಲೂ ಹಾಗೆ ಹೇಳುವುದು ನನ್ನ ಅಭ್ಯಾಸ. ಅವರು ಕೇಳಿಸಿಕೊಂಡದ್ದು ತಮ್ಮ ಯಕೃತ್ತಿನ ತುಂಬ ಕೊಬ್ಬಿದೆ, ಅದಕ್ಕೇ ಅಣ್ಣನಿಗೆ ಕೊಡಲಾಗುವುದಿಲ್ಲ ಎಂದು.

ಅವರು ತಮ್ಮ ಹೊಟ್ಟೆಯನ್ನು ನೋಡಿಕೊಂಡರು. "ಇದನ್ನ ಇಳಸಿದ್ರ ತಗೋತಾರೇನ್ರಿ?"

ಹರಿಕುಮಾರ್‌ಗೆ ಅನುವಾದ ಮಾಡಿದೆ. ಆರೆಂಟು ವಾರ ಬಿಟ್ಟು ಮತ್ತೆ ನೋಡಬಹುದು ಎಂದರು.

"ಅಣ್ಣ ಅಲ್ಲಿ ಮಟಾ ಇರ್ತಾನಂತೇನ್ರಿ?"

ಅದನ್ನು ನಾನು ಅನುವಾದ ಮಾಡಲಿಲ್ಲ.

ಆ ರಾತ್ರಿ ಆಸ್ಪತ್ರೆಯ ಅತಿಥಿಕೋಣೆಯಲ್ಲಿ ಕೂತು ಸುಮಂಗಲಾ ಅವರ ಕಚ್ಚಾ ಪ್ರತಿಧ್ವನಿಯನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಆ ವಕ್ರರೇಖೆಯ ಆಕಾರ ನನಗೆ ಸಂಶಯವಿಲ್ಲದೆ ನೆನಪಿದೆ. ನೆನಪಿನ ಬಗ್ಗೆ ಈ ಮಾತು ಹೇಳುವುದು ನನಗೆ ಅಪರೂಪ. ಆಳಕ್ಕೆ ಹೋದಂತೆ ಸಮವಾಗಿ ಇಳಿಯಬೇಕಾದ ರೇಖೆ, ಯಕೃತ್ತು ಶುರುವಾದ ಕೂಡಲೇ ಒಂದು ಗೂನು ಎತ್ತಿಕೊಂಡು, ಅಲ್ಲಿಂದ ಕಡಿದಾಗಿ ಇಳಿದು, ಆಮೇಲೆ ನಿಧಾನವಾಗುತ್ತಿತ್ತು. ದಪ್ಪ ಹೊಟ್ಟೆಗೋಡೆಯ ಪದರಗಳ ನಡುವೆ ಧ್ವನಿ ಮೇಲೆ ಕೆಳಗೆ ಪುಟಿಯುತ್ತದೆ. ಹಾಗೆ ಪುಟಿದ ಸದ್ದು ತಡವಾಗಿ ಬಂದು ಯಕೃತ್ತಿನ ಮೇಲ್ಭಾಗದ ಪ್ರತಿಧ್ವನಿಯ ಜೊತೆ ಸೇರಿಕೊಳ್ಳುತ್ತದೆ. ಮೇಲ್ಭಾಗ ಇರುವುದಕ್ಕಿಂತ ಜೋರಾಗಿ ಕೇಳುತ್ತದೆ, ಇಳಿಜಾರು ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ. ಧ್ವನಿ ಬೇಗ ಸೋತಿತು, ಯಕೃತ್ತಿನಲ್ಲಿ ಕೊಬ್ಬಿದೆ ಎಂದು ಲೆಕ್ಕ ಹೇಳುತ್ತದೆ.

ತೆಳ್ಳಗಿನವರಲ್ಲಿ ನಮ್ಮ ಪೆಟ್ಟಿಗೆ ಈ ಗಲಾಟೆಯ ಜಾಗ ದಾಟಿ ಯಕೃತ್ತಿನ ನಡುವೆ ಕೂರುತ್ತಿತ್ತು. ಸುಮಂಗಲಾ ಅವರ ಹೊಟ್ಟೆಯ ಗೋಡೆ ದಪ್ಪ. ಚರ್ಮದಿಂದ ಅಳೆದ ಅದೇ ಆಳ ಅವರಲ್ಲಿ ಯಕೃತ್ತಿನ ಹೊಸ್ತಿಲಿಗೆ ಬರುತ್ತಿತ್ತು, ನೇರ ಗೂನಿನ ಮೇಲೆ. ಪೆಟ್ಟಿಗೆಯನ್ನು ಕೆಳಗೆ ಸರಿಸಿ ಲೆಕ್ಕ ಹಾಕಿದೆ. ಹಸಿರು. ಎಷ್ಟು ಆಚೀಚೆ ಇರಬಹುದು ಎಂದೂ ನೋಡಿದೆ. ಹೇಗೆ ಹಿಂಡಿದರೂ ಕೆಂಪಿನ ಹತ್ತಿರ ಬರಲಿಲ್ಲ.

ಬೆಳಿಗ್ಗೆ ಹರಿಕುಮಾರ್‌ಗೆ ತೋರಿಸಿದೆ. ಅವರು ದಡ್ಡರಲ್ಲ, ಕೆಟ್ಟವರೂ ಅಲ್ಲ. "ನಾಳೆಯೇ ಸೂಜಿ ಹಾಕಿ ನೋಡುತ್ತೇನೆ. ಆದರೆ ಕೆಂಪು ಬಂದವರನ್ನು ಮುಂದೆ ಕಳಿಸಬಾರದೆಂದು ನಮ್ಮ ಸಮಿತಿಗೆ ಬರೆದುಕೊಟ್ಟದ್ದು ನಿಮ್ಮ ಸಂಸ್ಥೆ. ಈ ಕೆಂಪು ಸರಿಯಲ್ಲ ಎಂದು ಅಲ್ಲಿಂದಲೇ ಒಂದು ಸಾಲು ಬರಲಿ," ಎಂದರು.

ಕುರುವಿಳ ಸಾರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅಂಕಿ ನೋಡಿದ ಮೇಲೆ ಪೆಟ್ಟಿಗೆ ಸರಿಸಿದಿರಾ?"

"ಸರಿಸಿದೆ ಸಾರ್. ಯಾಕೆ ಎಂದರೆ..."

"ಹಾಗೆ ಮಾಡಬಾರದು ಎಂಬ ನಿಯಮ ಯಾರದ್ದು?"

"ನನ್ನದೇ."

"ಎಷ್ಟು ವಿದ್ಯಾರ್ಥಿಗಳನ್ನು ಅದಕ್ಕಾಗಿ ಅಳುವಂತೆ ಮಾಡಿದ್ದೀರಿ, ನಾಗೇಂದ್ರನ್? ಅವರೂ ಕಾರಣ ಹೇಳುತ್ತಿದ್ದರಲ್ಲ. ಒಂದು ಪೆಟ್ಟಿಗೆ ಸರಿಸಿದರೆ ಎಲ್ಲ ಪೆಟ್ಟಿಗೆಗಳನ್ನೂ ಸರಿಸಬೇಕು." ಆಮೇಲೆ, "ಆಕೆ ನಿಮ್ಮ ಊರ ಕಡೆಯವಳಂತೆ?" ಎಂದರು.

ಅವರು ನೀಚತನದಿಂದ ಕೇಳಿದರು ಎಂದು ಬಹಳ ಕಾಲ ದ್ವೇಷಿಸಿದೆ. ಈಗ ಅಷ್ಟು ಖಚಿತವಿಲ್ಲ. ನಾನು ಅವರ ಕುರ್ಚಿಯಲ್ಲಿದ್ದು, ಮಲಯಾಳಿ ಸಹೋದ್ಯೋಗಿಯೊಬ್ಬ ತನ್ನ ಊರಿನ ಹೆಂಗಸಿಗಾಗಿ ಪೆಟ್ಟಿಗೆ ಸರಿಸಿ ಹಸಿರು ಮಾಡಿಕೊಂಡು ಬಂದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆ ಪ್ರಶ್ನೆ ಕೇಳುವುದನ್ನು ಆ ಕಟ್ಟಡದಲ್ಲಿ ಎಲ್ಲರಿಗೂ ಕಲಿಸಿದವನು ನಾನೇ. ಒಬ್ಬರ ಗೂನಿನ ಮೇಲೆ ಸಾಲು ಬರೆದುಕೊಡಲಾಗದು, ದಪ್ಪ ಮೈಯ ಹಲವರನ್ನು ನೋಡಿ ನಮ್ಮ ಸಂಸ್ಥೆಯ ಸಮಿತಿಯ ಮುಂದೆ ಇಡಿ ಎಂದರು ಕುರುವಿಳ ಸಾರ್. ವೈಜ್ಞಾನಿಕವಾಗಿ ಅದು ತಪ್ಪು ಸಲಹೆಯಲ್ಲ. ಸಮಿತಿಯ ಮೊದಲ ಸಭೆ ಹರತಾಳದಿಂದ ನಿಂತಿತು. ಎರಡನೆಯದಕ್ಕೆ ಹೊರಗಿನ ಸದಸ್ಯರು ಬರಲಿಲ್ಲ. ಹರಿಕುಮಾರ್ ಒಂದು ಸಲ ಫೋನ್ ಮಾಡಿ ಕೇಳಿದರು, ಮತ್ತೆ ಕೇಳಲಿಲ್ಲ.

ಈ ನಡುವೆ ಸುಮಂಗಲಾ ಹೊಟ್ಟೆ ಇಳಿಸುತ್ತಿದ್ದರು. ನಾನು ಹೋದ ವಾರಗಳಲ್ಲೆಲ್ಲ ಅವರನ್ನು ಕಂಡೆ. ಬೆಳಿಗ್ಗೆ ಸಂಜೆ ಹಿನ್ನೀರಿನ ದಂಡೆಯ ಮೇಲೆ ಅಣ್ಣನ ಮಗನ ಹಳೆಯ ಬೂಟು ಹಾಕಿಕೊಂಡು, ಸೀರೆ ಎತ್ತಿಕಟ್ಟಿ, ದಡದಡ ನಡೆಯುತ್ತಿದ್ದರು. ಹಸಿ ಸೌತೆಕಾಯಿ, ಮಜ್ಜಿಗೆ. ಒಂದು ದಿನ ಅಲ್ಲೇ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತ ಹೇಳಿದರು: "ದಿನಾ ನೂರ ಮಂದಿಗೆ ಉಣಬಡಿಸೋ ಕೈರೀ ಇದು. ಈಗ ಕನಸಿನ್ಯಾಗ ಬರೇ ಬದನೀಕಾಯಿ ಎಣಗಾಯಿ ಬರತೈತಿ. ನೀವ್ ನಗಬ್ಯಾಡ್ರಿ ಮತ್ತ."

"ನೀವು ಇಷ್ಟು ಉಪವಾಸ ಮಾಡಬೇಕಾಗಿಲ್ಲ. ನಿಮ್ಮ ಲಿವರ್ ಸರಿಯಿದೆ ಅಂತ ನನಗೆ ಅನ್ನಿಸುತ್ತೆ. ಮೇಲಿನವರಿಂದ ಕಾಗದ ಬರಬೇಕು," ಎಂದೆ. ಹೀಗೆ ಹೇಳಿದೆನೆಂದೇ ನನ್ನ ನೆನಪು.

"ಅನ್ನಸತೈತಿ ಅಂದ್ರ ಡಾಕ್ಟ್ರು ಕೇಳ್ತಾರೇನ್ರೀ?" ಎಂದು ಎದ್ದು ಮತ್ತೆ ನಡೆದರು.

ಎರಡನೆಯ ಸಲ ಸ್ಕ್ಯಾನ್ ಮಾಡಿದಾಗ ಹಸಿರು ಬಂದಿತು. ಆಸ್ಪತ್ರೆಯಲ್ಲಿ ಚಪ್ಪಾಳೆ ತಟ್ಟಿದರು. ನಾನು ಮತ್ತೆ ಕಚ್ಚಾ ಪ್ರತಿಧ್ವನಿ ತೆರೆದು ನೋಡಿದೆ. ಯಕೃತ್ತಿನ ನಡುಭಾಗದ ಇಳಿಜಾರು ಮೊದಲಿನಷ್ಟೇ ಇತ್ತು, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಹೊಟ್ಟೆಯ ಗೋಡೆ. ಅದು ತೆಳ್ಳಗಾಗಿತ್ತು, ಯಕೃತ್ತು ಚರ್ಮಕ್ಕೆ ಹತ್ತಿರ ಬಂದಿತ್ತು, ಪೆಟ್ಟಿಗೆ ಗೂನನ್ನು ದಾಟಿ ಸರಿಯಾದ ಜಾಗಕ್ಕೆ ಬಿದ್ದಿತ್ತು. ನಾನು ಒಂದು ಕ್ಷಣದಲ್ಲಿ ಸರಿಸಿದ ಪೆಟ್ಟಿಗೆಯನ್ನು ಅವರು ಹಸಿದು, ನಡೆದು, ಮೈ ಕರಗಿಸಿ ಸರಿಸಿದ್ದರು.

ಕುರುವಿಳ ಸಾರ್ ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಸ್ಲೈಡ್ ಮಾಡಿಸಿದರು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನಮ್ಮ ಯಂತ್ರ ಕೊಬ್ಬನ್ನು ಕಂಡುಹಿಡಿಯುವುದಷ್ಟೇ ಅಲ್ಲ, ಅದು ಕರಗುವುದನ್ನೂ ಹಿಂಬಾಲಿಸಬಲ್ಲದು ಎಂಬುದಕ್ಕೆ ಪುರಾವೆ. ಸಭೆಯಲ್ಲಿ ನಾನು ಎದ್ದು ನಿಂತು ವಕ್ರರೇಖೆ ತೋರಿಸಿದೆ. "ಹಾಗಾದರೆ ಎರಡನೆಯ ಸಲ ನಮ್ಮ ಯಂತ್ರ ಸರಿಯಾಗಿ ಹೇಳಿತು ಎಂದು ಒಪ್ಪುತ್ತೀರಲ್ಲ?" ಎಂದು ಕೇಳಿದರು. ಒಪ್ಪಲೇಬೇಕಿತ್ತು. ಎಲ್ಲರೂ ನಕ್ಕರು. ತಪ್ಪು ಉತ್ತರವೊಂದು ತನ್ನನ್ನು ತಾನೇ ಸರಿ ಎಂದು ಸಾಬೀತುಪಡಿಸಿಕೊಂಡದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಆಮೇಲೆ ಸೂಜಿ ಪರೀಕ್ಷೆಯಲ್ಲೂ ಕೊಬ್ಬು ಕಾಣಲಿಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಅಷ್ಟರಲ್ಲಿ ಶಿವಾನಂದ ಅವರ ಹೊಟ್ಟೆಯಲ್ಲಿ ತುಂಬಿದ್ದ ನೀರಿಗೆ ಸೋಂಕು ತಗಲಿತು. ಜ್ವರ ಇಳಿಯದೆ ಕಸಿ ಮಾಡುವಂತಿಲ್ಲ. ಇಳಿಯಲಿಲ್ಲ.

ಇಂದಿನ ಯಂತ್ರಗಳು ಯಕೃತ್ತಿನ ಮೇಲ್ಮೈಯನ್ನು ತಾವೇ ಗುರುತಿಸಿ, ಮೇಲಿನ ಗಲಾಟೆಯ ಜಾಗ ಬಿಟ್ಟು ಪೆಟ್ಟಿಗೆ ಇಡುತ್ತವೆ. ಅಂಕಿಯ ಜೊತೆ ಅದರ ಮೇಲೆ ಎಷ್ಟು ಭರವಸೆ ಇಡಬಹುದೆಂದೂ ತೋರಿಸುತ್ತವೆ. ನೀವು ಅವನ್ನು ಬಳಸುವಿರಿ, ಇದೆಲ್ಲ ಹಳೆಯ ಕಾಲದ ಕಥೆ ಎನ್ನುವಿರಿ. ನಿಮ್ಮ ಯಂತ್ರದಲ್ಲಿ ಯಾವುದು ಚರ್ಮದಿಂದ ಅಳೆದ ಆಳ ಎಂಬುದು ನನಗೆ ಗೊತ್ತಿಲ್ಲ. ಒಂದಂತೂ ಇದ್ದೇ ಇರುತ್ತದೆ.

ಶಿವಾನಂದ ಹೋದ ಮೇಲೆ ಉಮಾ ಹೇಳಿದಳು: "ಮಾತಾಡಿಸಿಕೊಂಡು ಬರೋಣ. ನಮ್ಮವರು ಅಂತ ಅವರಿಗೆ ಇಲ್ಲಿ ಯಾರಿದ್ದಾರೆ?" ಸಾವಿನ ಮನೆಗೆ ಹೋಗಿ ಮಾತಾಡಿಸುವುದು ನಮ್ಮಲ್ಲಿ ಬಿಡಬಾರದ ರೂಢಿ. ಇಬ್ಬರೂ ಎರ್ನಾಕುಲಂಗೆ ಹೋದೆವು. ಬ್ಯಾಂಕಿನ ವಸತಿಗೃಹದಲ್ಲಿ ಅರ್ಧ ಸಾಮಾನು ಕಟ್ಟಿಯಾಗಿತ್ತು. ಸುಮಂಗಲಾ ಬಾಗಿಲು ತೆರೆದಾಗ ನನಗೆ ತಟ್ಟನೆ ಗುರುತು ಸಿಗಲಿಲ್ಲ. ರವಿಕೆ ತೋಳಿನಲ್ಲಿ ಜೋತುಬಿದ್ದಿತ್ತು.

ಮುಂದಿನದ್ದನ್ನು ಬರೆಯುವ ಮೊದಲು ಉಮಾಳನ್ನು ಕೇಳಿದೆ. ನಾವು ಎಲ್ಲಿ ಕೂತಿದ್ದೆವು ಎಂಬುದರಲ್ಲಿ ನಮ್ಮಿಬ್ಬರ ನೆನಪು ಬೇರೆಬೇರೆ. ಮಾತಿನಲ್ಲಿ ಮಾತ್ರ ಒಂದೇ.

"ಎಲ್ಲಾ ನನ್ನಿಂದ ಆತ್ರಿ," ಎಂದರು ಸುಮಂಗಲಾ. "ಮದಲ ಮೈ ಇಳಸಿದ್ರ ಅಣ್ಣ ಉಳೀತಿದ್ದ. ಕೂತ ಉಂಡ್ನಿ, ಕೊಬ್ಬು ಬೆಳಸಿದ್ನಿ."

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರ ಯಕೃತ್ತು ಮೊದಲ ದಿನವೇ ಚೆನ್ನಾಗಿತ್ತು, ತಪ್ಪು ನಮ್ಮ ಯಂತ್ರದ್ದು, ಪೆಟ್ಟಿಗೆ ಇದ್ದ ಜಾಗದ್ದು, ಅವರು ಒಂದು ತುತ್ತು ಬಿಡದಿದ್ದರೂ ಅಣ್ಣನಿಗೆ ಕೊಡಬಹುದಿತ್ತು. ಕಂಪ್ಯೂಟರ್ ತೆರೆದು ಎರಡು ರೇಖೆಗಳನ್ನೂ ತೋರಿಸಿದ್ದೆನೋ ಏನೋ. ಜೀವಮಾನದಲ್ಲಿ ನಾನು ಆಚೀಚೆ ಇಲ್ಲದೆ ಹೇಳಿದ ಮಾತು ಅದೊಂದೇ.

ಅವರು ಕೊನೆಯವರೆಗೂ ಕೇಳಿದರು. ನಾನು ಮುಗಿಸಿದ ಮೇಲೆ ಉಮಾಳ ಕಡೆ ತಿರುಗಿದರು.

"ನಿಮ್ಮ ಯಜಮಾನ್ರು ಭಾಳ ಚಲೋ ಮನಷ್ಯಾರ್ರೀ. ನಮ್ಮ ಸಮಾಧಾನಕ್ಕಂತ ತಮ್ಮ ಮಷಿನ್ನ ಸುಳ್ಳ ಅಂತಾರ ನೋಡ್ರಿ."

"ಸುಳ್ಳಲ್ಲಮ್ಮ, ಅವರು ನಿಜಾನೇ ಹೇಳ್ತಿರೋದು," ಎಂದಳು ಉಮಾ.

"ಹೋಗ್ಲಿ ಬಿಡ್ರಿ. ಕೆಂಪು ಬಂದದ್ದು ನಾ ಕಣ್ಣಾರೆ ನೋಡೀನಿ. ಮೈ ಇಳಸಿದ್ ಮ್ಯಾಲೆ ಹಸರ ಬಂತು, ಅದನ್ನೂ ನೋಡೀನಿ. ಇನ್ನೇನ್ ಬೇಕ್ರೀ?"

ಶಿವಾನಂದ ಅವರ ಹೆಂಡತಿ ಒಳಗಿನಿಂದ ತಟ್ಟೆಗಳಲ್ಲಿ ಅವಲಕ್ಕಿ ತಂದು ಎಲ್ಲರ ಮುಂದೆ ಇಟ್ಟರು. ಸುಮಂಗಲಾ ತಮ್ಮ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ನೀವ್ ತಿನ್ರಿ ಸರ," ಎಂದರು. "ನಂಗ ಬ್ಯಾಡ್ರಿ. ಮತ್ತ ಏರತೈತಿ."